ಮಳೆಗಾಲದಲ್ಲಿ ಪೂಲ್ ಖಾಲಿ ಮಾಡಿಸಬೇಕಾ?

ಗೋವಾ ಕನ್ನಡಿಗರ ಗುಂಪಿನಲ್ಲಿ ಮನೆಯ ಈಜುಕೊಳದ ಬಗ್ಗೆ ಬಂದ ಪ್ರಶ್ನೆಗಳಿವು. ಉತ್ತರಿಸಿದವರು ಪೂಲ್ ಕಟ್ಟುವ, ನೋಡಿಕೊಳ್ಳುವ ಕೆಲಸದವರು.

ಪ್ರಶ್ನೆ (ಸಿಯೋಲಿಂ): ನಮಸ್ಕಾರ ಸರ್. ನಮ್ಮ ಮನೆ ಗದ್ದೆ ಪಕ್ಕದಲ್ಲೇ ಇದೆ. 8 ಮೀಟರ್ ಉದ್ದ, 4 ಮೀಟರ್ ಅಗಲದ ಪೂಲ್. ಧಾರವಾಡಕ್ಕೆ ಹೋಗಿ ಬರೋಷ್ಟರಲ್ಲಿ ನೀರು ಹಸಿರಾಗಿದೆ. ನೋಡಿಕೊಳ್ಳುವ ಹುಡುಗ ‘ಪೂರ್ತಿ ಖಾಲಿ ಮಾಡಿ, ಆಸಿಡ್‌ನಲ್ಲಿ ತೊಳೆದು, ಟ್ಯಾಂಕರ್ ನೀರು ತುಂಬಿಸೋಣ’ ಅಂತಿದ್ದಾನೆ. ಸರಿನಾ?

ಉತ್ತರ: ಬೇಡ ಮೇಡಂ, ದಯವಿಟ್ಟು ಬೇಡ. ಈಗ ಜುಲೈ. ಗದ್ದೆ ಪಕ್ಕ ಅಂದಮೇಲೆ ನೆಲದೊಳಗಿನ ನೀರು ಮೇಲಕ್ಕೇ ಬಂದಿರುತ್ತದೆ. ನಿಮ್ಮ ಪೂಲ್ ಸರಾಸರಿ 1.4 ಮೀಟರ್ ಆಳ ಅಂದುಕೊಂಡರೆ ಸುಮಾರು 45,000 ಲೀಟರ್, ಅಂದರೆ 45 ಟನ್ ಭಾರ. ಆ ಭಾರವೇ ಪೂಲನ್ನು ಕೆಳಗೆ ಒತ್ತಿ ಹಿಡಿದಿರೋದು. ಅದನ್ನು ತೆಗೆದರೆ ಕೆಳಗಿನ ನೀರು ಮೇಲಕ್ಕೆ ದೂಡುತ್ತದೆ. ತುಂಬಿದ ಹಂಡೆಯಲ್ಲಿ ಖಾಲಿ ಚೆಂಬು ತೇಲುತ್ತದಲ್ಲ, ಹಾಗೆ. ತಳ ಬಿರುಕು ಬಿಡಬಹುದು, ಟೈಲ್ಸ್ ಏಳಬಹುದು. ಫೈಬರ್ ಪೂಲ್ ಆದರೆ ಇಡೀ ತೊಟ್ಟಿಯೇ ಎದ್ದು ಬರಬಹುದು. ಒತ್ತಡ ಬಿಡೋಕೆ ತಳದಲ್ಲಿ ವಾಲ್ವ್ ಇದ್ದರೂ ಅದನ್ನೇ ನಂಬಬೇಡಿ, ಎಷ್ಟೋ ಕಡೆ ಅದು ಮಣ್ಣು ಕಟ್ಟಿ ಕೂತಿರುತ್ತದೆ. ಹಸಿರು ನೀರು ಸಾವಿರಗಳಲ್ಲಿ ಸರಿಹೋಗುತ್ತದೆ. ಒಡೆದ ಪೂಲ್ ಲಕ್ಷಗಳನ್ನು ಕೇಳುತ್ತದೆ.

ಮೊದಲು ಒಂದು ಬಿಳಿ ಬಕೆಟ್‌ನಲ್ಲಿ ನೀರು ತೆಗೆದು ನೋಡಿ. ಕಲಕಾಗಿದ್ದು, ಗೋಡೆ ಮುಟ್ಟಿದರೆ ಜಾರುತ್ತದೆ ಅಂದರೆ ಪಾಚಿ. ನೀರು ತಿಳಿಯಾಗಿಯೇ ಇದ್ದು ಬಣ್ಣ ಮಾತ್ರ ಬಂದಿದ್ದರೆ ಕಬ್ಬಿಣ ಅಥವಾ ತಾಮ್ರ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಜಾಸ್ತಿ. ಅಂಥ ಬೋರ್‌ವೆಲ್ ನೀರಿಗೆ ಕ್ಲೋರಿನ್ ಸುರಿದರೆ ಬಣ್ಣ ಇನ್ನೂ ಕೆಡುತ್ತದೆ.

ಪ್ರಶ್ನೆ (ಸಿಯೋಲಿಂ): ಜಾರುತ್ತದೆ ಸರ್. ಪಾಚಿಯೇ.

ಉತ್ತರ: ಹಾಗಾದರೆ ಮೊದಲು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನೋಡಿ, 7.2ರ ಹತ್ತಿರ ತನ್ನಿ. ಪಿಎಚ್ 8 ದಾಟಿದ ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ಅದರ ಶಕ್ತಿ ಬಹಳ ಕಡಿಮೆ. ಗೋಡೆ, ತಳ, ಮೆಟ್ಟಿಲ ಸಂದಿ ಎಲ್ಲ ಬ್ರಷ್‌ನಿಂದ ಉಜ್ಜಿಸಿ. ಸಂಜೆ, ಬಿಸಿಲು ಇಳಿದ ಮೇಲೆ, ಕ್ಲೋರಿನ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ತನಕ ಏರಿಸಿ. ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ನಿಮ್ಮ ಪೂಲಿಗೆ ಸುಮಾರು 700 ಗ್ರಾಂ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ, ಉಲ್ಟಾ ಬೇಡ. ಅಂಗಡಿಯ ಸಾದಾ ಬ್ಲೀಚಿಂಗ್ ಪೌಡರ್ ಅಗ್ಗ ಅಂತ ತಂದರೆ ತಳದಲ್ಲಿ ಸುಣ್ಣ ಕೂರುತ್ತದೆ, ಅದನ್ನು ತೆಗೆಯೋದೇ ಇನ್ನೊಂದು ಕೆಲಸ.

ಮೋಟಾರ್ ಹಗಲು ರಾತ್ರಿ ಓಡಲಿ. ಫಿಲ್ಟರಿನ ಒತ್ತಡ ತೋರಿಸುವ ಗೇಜ್ ಮಾಮೂಲಿಗಿಂತ 8–10 ಪಿಎಸ್‌ಐ ಏರಿದರೆ ಬ್ಯಾಕ್‌ವಾಶ್ ಮಾಡಿ (ನೀರನ್ನು ಉಲ್ಟಾ ಹರಿಸಿ ಫಿಲ್ಟರಿನ ಕೊಳೆ ಹೊರಗೆ ಬಿಡೋದು), ಆಮೇಲೆ ರಿನ್ಸ್. ಹಸಿರು ಹೋಗಿ ಬೆಳ್ಳಗೆ ಮಬ್ಬಾದರೆ ಗಾಬರಿ ಬೇಡ, ಅದು ಸತ್ತ ಪಾಚಿ. ಕ್ಲೋರಿನ್ ಮತ್ತೆ ಬೇಗ ಇಳಿದರೆ ಇನ್ನೊಮ್ಮೆ ಹಾಕಬೇಕಾಗುತ್ತದೆ. ತಳ ಸ್ಪಷ್ಟವಾಗಿ ಕಂಡು, ಕ್ಲೋರಿನ್ 3ಕ್ಕೆ ಇಳಿಯುವ ತನಕ ಮಕ್ಕಳನ್ನು ಬಿಡಬೇಡಿ.

ಪ್ರಶ್ನೆ (ಪರ್ವರಿ): ಅಣ್ಣ, ನಾವು ವರ್ಷಪೂರ್ತಿ ಟಿಸಿಸಿಎ ಅನ್ನೋ ಕ್ಲೋರಿನ್ ಮಾತ್ರೆಯನ್ನೇ ತೇಲಿಬಿಡುತ್ತೇವೆ. ಟೆಸ್ಟ್ ಮಾಡಿದರೆ ಕ್ಲೋರಿನ್ 3 ತೋರಿಸುತ್ತದೆ. ಆದರೂ ಪಾಚಿ ಬರುತ್ತದಲ್ಲ?

ಉತ್ತರ: ಆ ಮಾತ್ರೆಯಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಕೂಡ ಇರುತ್ತದೆ. ಅದು ಬಿಸಿಲಿನಿಂದ ಕ್ಲೋರಿನ್ ಕಾಪಾಡುತ್ತದೆ, ಒಳ್ಳೆಯದೇ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಉಳಿಯುತ್ತದೆ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಬಂದಾಗ ಇದು 6 ಪಿಪಿಎಂ ಸೇರುತ್ತದೆ. ಈ ಆಸಿಡ್ 30ರಿಂದ 50 ಪಿಪಿಎಂ ಇದ್ದರೆ ಸಾಕು. 100 ದಾಟಿದರೆ 3 ಪಿಪಿಎಂ ಕ್ಲೋರಿನ್ ಇದ್ದೂ ಇಲ್ಲದ ಹಾಗೆ. ಇದನ್ನು ಕಡಿಮೆ ಮಾಡೋಕೆ ಸುಲಭದ ಪುಡಿ ಯಾವುದೂ ಇಲ್ಲ, ನೀರು ಬದಲಿಸಬೇಕು. ಅದೂ ಸ್ವಲ್ಪ ಸ್ವಲ್ಪವೇ. ಮಳೆಗೆ ಮಟ್ಟ ಏರಿದಾಗ ಬ್ಯಾಕ್‌ವಾಶ್‌ನಲ್ಲಿ ಹೊರಗೆ ಬಿಡುತ್ತಾ ಹೋಗಿ, ಪುಕ್ಕಟೆ ಕೆಲಸ ಆಗುತ್ತದೆ. ಆದರೆ ಮಳೆನೀರು ಪಿಎಚ್, ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) ಎರಡನ್ನೂ ಕೆಳಗೆ ಎಳೆಯುತ್ತದೆ. ಆಲ್ಕಲಿನಿಟಿ 80ಕ್ಕಿಂತ ಕೆಳಗೆ ಬಂದರೆ ಅಡುಗೆ ಸೋಡಾ ಹಾಕಿ.

ಇನ್ನೊಂದು ಮಾತು. ಟಿಸಿಸಿಎ ಮತ್ತು ಹೈಪೋಕ್ಲೋರೈಟ್ ಪುಡಿಯನ್ನು ಒಂದೇ ಬಕೆಟ್‌ಗೆ, ಒಂದೇ ಚಮಚಕ್ಕೂ ತಾಗಿಸಬೇಡಿ. ಬೆರೆತರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಪಂಪ್ ರೂಮಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ (ಮಡಗಾಂವ್): ಏಪ್ರಿಲ್‌ನಲ್ಲಿ ನೀರು ದಿನಾ ಇಳಿಯುತ್ತಿತ್ತು. ಲೀಕೇಜ್ ಅಂತ ಒಬ್ಬರು ಟೈಲ್ಸ್ ಎಲ್ಲ ಒಡೆಯಬೇಕು ಅಂದರು. ಸದ್ಯ ಸುಮ್ನೆ ಬಿಟ್ಟಿದ್ದೇವೆ.

ಉತ್ತರ: ಒಡೆಯೋದು ಕಡೆಗೆ ಸರ್. ಮಳೆ ಬಿಡುವು ಕೊಟ್ಟ ದಿನ ಮೆಟ್ಟಿಲ ಮೇಲೆ ಒಂದು ಬಕೆಟ್ ಇಡಿ. ಪೂಲ್ ನೀರಿನ ಮಟ್ಟಕ್ಕೇ ಅದರಲ್ಲೂ ನೀರು ತುಂಬಿ, ಒಳಗೂ ಹೊರಗೂ ಗುರುತು ಹಾಕಿ. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಆವಿಯಾಗಿದ್ದು, ಲೀಕ್ ಅಲ್ಲ. ಪೂಲ್ ಜಾಸ್ತಿ ಇಳಿದಿದ್ದರೆ ಮೋಟಾರ್ ಓಡಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಇದನ್ನೇ ಮಾಡಿ. ಓಡುವಾಗ ಮಾತ್ರ ಜಾಸ್ತಿ ಇಳಿದರೆ ನೀರು ವಾಪಸ್ ಬರುವ ಪೈಪ್ ಮೇಲೆ ಅನುಮಾನ. ಎರಡೂ ಸಲ ಒಂದೇ ರೀತಿ ಇದ್ದರೆ ಸ್ಕಿಮ್ಮರ್ (ನೀರಿನ ಮೇಲಿನ ಕಸ ಎಳೆದುಕೊಳ್ಳುವ ಬಾಯಿ) ಜಾಯಿಂಟ್, ಲೈಟಿನ ಸುತ್ತ ನೋಡಿ. ಮೋಟಾರ್ ನಿಲ್ಲಿಸಿ, ಅಲ್ಲಿ ಅಡುಗೆ ಬಣ್ಣ ಎರಡು ಹನಿ ಬಿಡಿ. ಬಿರುಕಿದ್ದರೆ ಬಣ್ಣ ಒಳಗೆ ಎಳೆದುಕೊಂಡು ಹೋಗೋದು ಕಾಣುತ್ತದೆ.

ಪ್ರಶ್ನೆ (ಪರ್ವರಿ): ನಮ್ಮ ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಪದೇಪದೇ ಕೆಡುತ್ತದೆ ಅಣ್ಣ. ಬ್ಯಾಕ್‌ವಾಶ್ ಪೈಪಿನಿಂದ ಯಾವಾಗಲೂ ನೀರು ಹನಿಯುತ್ತದೆ.

ಉತ್ತರ: ಮೋಟಾರ್ ಓಡುತ್ತಿರುವಾಗಲೇ ಹ್ಯಾಂಡಲ್ ತಿರುಗಿಸುತ್ತಾರೆ ಅಲ್ವಾ? ಅದಕ್ಕೇ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ನಿಲ್ಲಿಸಿ, ಹ್ಯಾಂಡಲ್ ಒತ್ತಿ, ತಿರುಗಿಸಿ, ಆಮೇಲೆ ಚಾಲೂ ಮಾಡಬೇಕು.

ಪ್ರಶ್ನೆ (ಸಿಯೋಲಿಂ): ಸರ್, ಫಿಲ್ಟರ್ ಹತ್ತಿರ ಹೋಗಿ ನೋಡಿದೆ. ಗೇಜ್‌ನ ಮುಳ್ಳು ಅಲ್ಲಾಡೋದೇ ಇಲ್ಲ, ಮೋಟಾರ್ ಆಫ್ ಮಾಡಿದರೂ 15ರಲ್ಲೇ ನಿಂತಿದೆ.

ಉತ್ತರ: ಅದು ಸತ್ತ ಗೇಜ್ ಮೇಡಂ. ಮಾಪುಸಾದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ, ಹಳೆಯದನ್ನು ಬಿಚ್ಚಿ ಕೈಯಲ್ಲೇ ಒಯ್ಯಿರಿ, ಥ್ರೆಡ್ ಅಳತೆ ತಪ್ಪೋದಿಲ್ಲ. ಹೊಸದು ಹಾಕಿ, ಒಮ್ಮೆ ಬ್ಯಾಕ್‌ವಾಶ್ ಮಾಡಿ, ಆಗ ಅದು ಎಷ್ಟು ತೋರಿಸುತ್ತದೋ ಪಂಪ್ ರೂಮಿನ ಗೋಡೆ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ, ಅದೇ ನಿಮ್ಮ ಮಾಮೂಲಿ ಅಂಕಿ. ಹುಡುಗನಿಗೂ ತೋರಿಸಿ.