ಹುಳುಮನೆ ಪಕ್ಕದಲ್ಲಿದ್ದಾಗ ತಿಗಣೆ ಓಡಿಸುವುದು ಹೇಗೆ?

ಶಿಡ್ಲಘಟ್ಟ ತಾಲ್ಲೂಕಿನಿಂದ ಪ್ರಶ್ನೆ:

ಮೂರು ತಿಂಗಳಿಂದ ಮನೆಯಲ್ಲಿ ತಿಗಣೆ ಕಾಟ. ಮಕ್ಕಳ ಕೈಕಾಲಿನ ತುಂಬ ದದ್ದು, ರಾತ್ರಿ ನಿದ್ದೆಯಿಲ್ಲ. ಔಷಧಿ ಹೊಡೆಸೋಣವೆಂದರೆ ಮಲಗುವ ಕೋಣೆಗೂ ರೇಷ್ಮೆ ಹುಳು ಸಾಕುವ ಹುಳುಮನೆಗೂ ನಡುವೆ ಒಂದೇ ಗೋಡೆ. ಹುಳು ಈಗ ಎರಡನೇ ಜ್ವರದಲ್ಲಿದೆ, ಅಂದರೆ ಎರಡನೇ ಸಲ ಪೊರೆ ಬಿಡುತ್ತಿದೆ. ಔಷಧಿಯಿಲ್ಲದೆ ಇದು ಹೋಗುವುದುಂಟೇ? ಅನುಭವವಿದ್ದವರು ದಯವಿಟ್ಟು ಹೇಳಿ.

ಚಿಂತಾಮಣಿ ತಾಲ್ಲೂಕಿನಿಂದ ಉತ್ತರ:

ಹೋಗುತ್ತದೆ. ನಮ್ಮ ಮನೆಯಿಂದ ಹೋಗಿದೆ. ಎರಡು ತಿಂಗಳು ಹಿಡಿಯಿತು, ಅಷ್ಟೇ. ನಾವೂ ರೇಷ್ಮೆಯವರೇ ಆದ್ದರಿಂದ ನಿಮ್ಮ ಸಂಕಟ ಚೆನ್ನಾಗಿ ಗೊತ್ತು.

ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ. ರೇಷ್ಮೆಗೂಡು ಮಾರಿ ಹುಳುಮನೆ ಖಾಲಿಯಿದ್ದ ವಾರ ನೋಡಿಕೊಂಡು ಸ್ಪ್ರೇ ಡಬ್ಬಿ ತಂದು ಹಾಸಿಗೆಯ ಮೇಲೆಲ್ಲ ಹೊಡೆದೆವು. ಕಣ್ಣಿಗೆ ಸಿಕ್ಕವು ಸತ್ತವು, ಉಳಿದವು ಗೋಡೆಯ ಬಿರುಕು ಸೇರಿಕೊಂಡವು. ಹೆದರಿ ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಹದಿನೈದು ದಿನದಲ್ಲಿ ಅಲ್ಲಿಯೂ ಹಾಜರು. ತಿಗಣೆ ನಮ್ಮ ಉಸಿರನ್ನು, ಮೈಯ ಬಿಸಿಯನ್ನು ಹಿಡಿದು ಬರುವ ಜೀವ. ಜಾಗ ಬದಲಿಸಿದರೆ ಹಿಂದೆಯೇ ಬರುತ್ತದೆ, ಒಂದು ಕೋಣೆಯ ಪೀಡೆ ಎರಡು ಕೋಣೆಗೆ ಹಬ್ಬುತ್ತದೆ. ಆದ್ದರಿಂದ ಎಷ್ಟೇ ಕಷ್ಟವಾದರೂ ಮಲಗುವ ಜಾಗವನ್ನು ಬದಲಿಸಬೇಡಿ. ಆ ಕೋಣೆಯನ್ನು ಒಂದೆರಡು ತಿಂಗಳು ಬೀಗ ಹಾಕಿಟ್ಟರೂ ಪ್ರಯೋಜನವಿಲ್ಲ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತವೆ.

ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಮುಂದಿನ ಬೆಳೆಗೆ ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದ ಮೇಲೆ, ಸ್ಪ್ರೇ ಹೊಡೆದ ಕೋಣೆಯಲ್ಲಿ ನೇತುಹಾಕಿದ್ದ ಶಾಲನ್ನೇ ಹೊದ್ದು ಬೆಳಗಿನ ಸೊಪ್ಪು ಕೊಡಲು ಹೋಗಿದ್ದೆ. ಸಂಜೆಯ ಹೊತ್ತಿಗೆ ಒಂದು ತಟ್ಟೆಯ ಹುಳುಗಳು ಬಾಯಿಂದ ಹಸಿರು ನೀರು ಕಾರಿ ಹೊರಳಾಡುತ್ತಿದ್ದವು. ಆ ನೋಟ ಇನ್ನೂ ಮರೆತಿಲ್ಲ. ಸೊಳ್ಳೆಬತ್ತಿಯ ಹೊಗೆಯನ್ನೇ ತಾಳದ ಹುಳು ಅದು, ಇದನ್ನು ಹೇಗೆ ತಾಳೀತು? ನಿಮಗೆ ಒಂದೇ ಗೋಡೆ ಅಡ್ಡವಿರುವಾಗ ಈಗ ಸ್ಪ್ರೇ ಮುಟ್ಟಲೇಬೇಡಿ.

ಔಷಧಿ ಬಿಟ್ಟಾಗ ನಮಗೆ ಉಳಿದದ್ದು ಬಿಸಿ, ಹುಡುಕಾಟ ಮತ್ತು ಪಂಚಾಂಗದ ಮೇಲೆ ಗುರುತು.

ಹುಡುಕಾಟಕ್ಕೆ ರಾತ್ರಿ ಮೂರರ ಹೊತ್ತು ಟಾರ್ಚ್ ಹಿಡಿದು ಎದ್ದೆ. ನಮ್ಮದು ಹಳೆಯ ಮರದ ಮಂಚ. ಕಾಲಿಗೂ ಪಟ್ಟಿಗೂ ಬೆಸೆದ ಬೋಲ್ಟನ್ನು ಬಿಚ್ಚಿದರೆ ಆ ತೂತಿನೊಳಗೆ ಹುರುಳಿಕಾಳಿನಷ್ಟು ದಪ್ಪದವು ಒಂದಕ್ಕೊಂದು ಅಂಟಿ ಕೂತಿದ್ದವು. ಸುತ್ತ ಇಂಕು ಚೆಲ್ಲಿದಂತೆ ಕಪ್ಪು ಚುಕ್ಕೆ, ನಡುವೆ ಗಸಗಸೆಯಷ್ಟು ಬಿಳಿಯ ಮೊಟ್ಟೆಗಳು. ಹಾಸಿಗೆಯ ಅಂಚಿನ ಹೊಲಿಗೆ, ದೇವರ ಪಟದ ಹಿಂಭಾಗ, ಕ್ಯಾಲೆಂಡರ್ ಮೊಳೆಯ ತೂತು, ಬಾಗಿಲ ಚೌಕಟ್ಟಿನ ಸಂದು, ಎಲ್ಲ ಕಡೆಯೂ ಅದೇ ಚುಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕಂದು ಬಣ್ಣ ಹರಡಿದರೆ ಅದು ತಿಗಣೆಯ ಜಾಗವೆಂದೇ ತಿಳಿಯಿರಿ.

ಮಂಚವನ್ನು ಪೂರ್ತಿ ಬಿಚ್ಚಿ ಅಂಗಳಕ್ಕೆ ತಂದು, ಹಂಡೆಯಲ್ಲಿ ಕುದಿಸಿದ ನೀರನ್ನು ಪ್ರತಿ ಸಂದಿಗೂ ನಿಧಾನವಾಗಿ ಹೊಯ್ದೆವು. ಒಲೆಯಿಂದ ಇಳಿಸಿದ ಕೂಡಲೇ ಹೊಯ್ಯಬೇಕು, ಉಗುರುಬೆಚ್ಚಗಾದರೆ ವ್ಯರ್ಥ. ಗೋಡೆಯ ಬಿರುಕುಗಳಿಗೆ ಬಟ್ಟೆಗೆ ಹಬೆ ಕೊಡುವ ಸಣ್ಣ ಯಂತ್ರ ಹಿಡಿದೆವು, ಗೇಣು ಜಾಗಕ್ಕೆ ಹತ್ತು ಸೆಕೆಂಡಿನಂತೆ. ಯಂತ್ರದ ಬಾಯಿಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಹಬೆಯ ರಭಸಕ್ಕೆ ಮರಿಗಳು ಹಾರಿ ಬೇರೆಡೆ ಬೀಳುತ್ತವೆ. ಸ್ವಿಚ್ ಬೋರ್ಡಿನ ಹತ್ತಿರ ನೀರೂ ಬೇಡ, ಹಬೆಯೂ ಬೇಡ.

ಬಟ್ಟೆ, ಕಂಬಳಿ, ದಿಂಬುಗಳಿಗೆ ಟೊಮೆಟೊ ಸಾಲಿಗೆ ಹಾಸಿ ಉಳಿದಿದ್ದ ಮಲ್ಚಿಂಗ್ ಪ್ಲಾಸ್ಟಿಕ್ ಹಾಳೆ ಸಹಾಯಕ್ಕೆ ಬಂತು. ಕಪ್ಪು ಬದಿ ಹೊರಗೆ ಮಾಡಿ, ಸ್ವಲ್ಪ ಸ್ವಲ್ಪವೇ ತೆಳ್ಳಗೆ ಕಟ್ಟಿ, ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲಿಟ್ಟೆವು. ಹುಳುಮನೆಯ ಥರ್ಮಾಮೀಟರನ್ನು ಒಂದು ಗಂಟಿನೊಳಗೆ ತೂರಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ಗೆರೆ 50 ಡಿಗ್ರಿಯ ಗುರುತು ಮುಟ್ಟಿತು, ಒಡೆದೀತೆಂದು ಹೊರಗೆ ತೆಗೆದೆ. ಗಂಟುಗಳು ಸಂಜೆಯವರೆಗೂ ಅಲ್ಲೇ ಇದ್ದವು. ಅಷ್ಟು ಬಿಸಿ ಒಳಗಿನವರೆಗೆ ಹೊಕ್ಕು ಗಂಟೆಗಟ್ಟಲೆ ನಿಂತರೆ ಮೊಟ್ಟೆಯೂ ಉಳಿಯುವುದಿಲ್ಲ. ಬರೀ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಮೇಲ್ಭಾಗ ಕಾಯುತ್ತದೆ, ತಿಗಣೆ ಕೆಳಗಿನ ನೆರಳಿಗೆ ಸರಿಯುತ್ತದೆ. ನಮ್ಮ ಹತ್ತಿ ಹಾಸಿಗೆಯನ್ನು ಬಿಚ್ಚಿಸಿ, ಹತ್ತಿಯನ್ನು ಕಪ್ಪು ಹಾಳೆಯಲ್ಲಿ ಕಾಯಿಸಿ, ಹೊಸ ಬಟ್ಟೆ ಹಾಕಿಸಿ ಹೊಲಿಸಿದೆವು. ತೆಂಗಿನ ನಾರಿನದು ಮಾತ್ರ ಉಳಿಯಲಿಲ್ಲ. ಅದನ್ನು ಚೂರಿಯಿಂದ ಹರಿದು ಸುಟ್ಟುಬಿಟ್ಟೆ. ಹಾಗೆಯೇ ಬೀದಿಗಿಟ್ಟರೆ ಇಲ್ಲದವರು ಯಾರೋ ಮಕ್ಕಳಿಗಾಗಿ ಎತ್ತಿಕೊಂಡು ಹೋಗುತ್ತಾರೆ.

ಇನ್ನು ಮಂಚದ ಕಾಲು. ನಾಲ್ಕು ಕಾಲಿಗೂ ನುಣುಪಾದ ಪ್ಲಾಸ್ಟಿಕ್ ಬಟ್ಟಲಿಟ್ಟು ಸೋಪಿನ ನೀರು ಹಾಕಿ. ಬಟ್ಟಲಿನ ನುಣುಪಾದ ಬದಿಯನ್ನು ತಿಗಣೆ ಹತ್ತಲಾರದು. ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ, ಹೊದಿಕೆ ನೆಲಕ್ಕೆ ತಾಗದಿರಲಿ. ಬೆಳಗ್ಗೆ ಬಟ್ಟಲು ನೋಡಿದರೆ ಲೆಕ್ಕ ಸಿಗುತ್ತದೆ. ಮೊದಲ ದಿನ ನಮಗೆ ಹನ್ನೊಂದು ಸಿಕ್ಕವು.

ಪಂಚಾಂಗದ ಗುರುತು ಏಕೆಂದರೆ, ಮೊಟ್ಟೆ ನಮ್ಮ ಸೆಕೆಯಲ್ಲಿ ಆರರಿಂದ ಹತ್ತು ದಿನಕ್ಕೆ ಒಡೆಯುತ್ತದೆ. ರೇಷ್ಮೆ ಹುಳು ನಾಲ್ಕು ಜ್ವರ ಏಳುವ ಹಾಗೆ ತಿಗಣೆಯ ಮರಿ ಐದು ಬಾರಿ ಪೊರೆ ಬಿಡುತ್ತದೆ, ಪ್ರತಿ ಬಾರಿಯೂ ಅದಕ್ಕೆ ರಕ್ತ ಬೇಕು. ಒಮ್ಮೆ ಬಿಸಿ ಕೊಟ್ಟು ಗೆದ್ದೆವೆಂದು ಕೂತರೆ ಹತ್ತು ದಿನದ ಮೇಲೆ ಎಳ್ಳಿಗಿಂತ ಸಣ್ಣ ಹೊಸ ಮರಿಗಳು ಬರುತ್ತವೆ. ನಾವು ಹನ್ನೆರಡು ದಿನಕ್ಕೊಮ್ಮೆಯಂತೆ ನಾಲ್ಕು ಸುತ್ತು ಮಾಡಿದೆವು. ಮೂರನೇ ಸುತ್ತಿನಲ್ಲಿ ಬೋಲ್ಟಿನ ತೂತು ಖಾಲಿಯಿತ್ತು. ಆದರೂ ನಾಲ್ಕನೆಯದನ್ನು ಬಿಡಲಿಲ್ಲ.

ನೀವು ಈಗ ಬಟ್ಟಲು, ಕುದಿನೀರು, ಕಪ್ಪು ಹಾಳೆ ಇಷ್ಟರಿಂದಲೇ ಶುರು ಮಾಡಿ. ಸೊಪ್ಪು ಮುಟ್ಟುವ ಮುಂಚೆ ಕೈತೊಳೆದು ಬಟ್ಟೆ ಬದಲಿಸಿ. ಬಿರುಕುಗಳಿಗೆ ಸಿಮೆಂಟ್, ಸುಣ್ಣ, ಬಣ್ಣದ ಕೆಲಸವನ್ನು ಗೂಡು ಮಾರುಕಟ್ಟೆಗೆ ಹೋದ ಮರುದಿನಕ್ಕೆ ಇಟ್ಟುಕೊಳ್ಳಿ. ಹುಳುಮನೆ ತೊಳೆಯುವ ಬ್ಲೀಚಿಂಗ್ ಪುಡಿ ರೋಗಾಣುಗಳಿಗೆ, ತಿಗಣೆಗೆ ಅದನ್ನು ನೆಚ್ಚಬೇಡಿ.

ಚಿಕ್ಕಬಳ್ಳಾಪುರದಿಂದ ಉತ್ತರ:

ನಾನು ಏಳು ವರ್ಷ ಕೀಟನಾಶಕ ಸಿಂಪಡಿಸುವ ಕೆಲಸ ಮಾಡಿದವನು. ಮೇಲಿನವರು ಹೇಳಿದ್ದು ಸರಿ. ನಾನು ಒಂದೇ ವಿಷಯ ಸೇರಿಸುತ್ತೇನೆ, ದಯವಿಟ್ಟು ಮನೆಯವರಿಗೆಲ್ಲ ಹೇಳಿ.

ರಾಗಿ, ಜೋಳದ ಮೂಟೆಗೆ ಇಡುವ ಮಾತ್ರೆಯನ್ನು ಕೆಲವರು ಹಾಸಿಗೆಯ ಕೆಳಗೆ ಇಡುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಬಾಗಿಲು ಮುಚ್ಚಿದರೂ ಸಂದಿಯಿಂದ ಪಕ್ಕದ ಕೋಣೆಗೆ ನುಗ್ಗುತ್ತದೆ, ಮಲಗಿದ್ದ ಮಕ್ಕಳು ಏಳುವುದಿಲ್ಲ. ಟೊಮೆಟೊಗೆ, ದ್ರಾಕ್ಷಿಗೆ ಹೊಡೆಯುವ ಔಷಧಿಯೂ ಮನೆಯೊಳಗೆ ಬೇಡ. ಸೀಮೆಎಣ್ಣೆ ಬಳಿದ ಮಂಚಕ್ಕೆ ಒಂದು ಕಿಡಿ ಸಾಕು.

ಗೂಡು ಮಾರಿದ ಮೇಲೆ ಔಷಧಿ ಹೊಡೆಸುವುದೇ ಆದರೆ ಪರವಾನಗಿ ಇರುವವರನ್ನು ಕರೆಸಿ, ಔಷಧಿಯ ಹೆಸರು ಕೇಳಿ, ಎರಡು ವಾರದ ಮೇಲೆ ಮತ್ತೆ ಬರುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಒಂದೇ ಸಲಕ್ಕೆ ಖಾತರಿ ಕೊಡುವವರನ್ನು ನಾನು ನಂಬುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನ ಔಷಧಿಗೆ ಎಷ್ಟೋ ಕಡೆಯ ತಿಗಣೆಗಳು ಈಗ ಸಾಯುವುದೇ ಇಲ್ಲ. ಮುಂದಿನ ಚಾಕಿಗೆ ಸಾಕಷ್ಟು ಅಂತರವಿಲ್ಲದಿದ್ದರೆ ಆ ಬೆಳೆಯನ್ನೇ ಬಿಡಿ, ಇಲ್ಲವೇ ಔಷಧಿಯನ್ನು ಬಿಡಿ.

ಗೌರಿಬಿದನೂರಿನಿಂದ ಉತ್ತರ:

ಅಮ್ಮಾ, ಮೊದಲು ನಾಚಿಕೆ ಬಿಡಿ. ತಿಗಣೆ ಕೊಳಕಿಗೆ ಬರುವುದಿಲ್ಲ, ಬ್ಯಾಗಿನಲ್ಲಿ, ಹಳೆಯ ಮಂಚದಲ್ಲಿ ಬರುತ್ತದೆ. ದಿನಾ ನೆಲ ಒರೆಸುವ ನಮ್ಮ ಮನೆಗೆ ಬೆಂಗಳೂರಿನ ಹಾಸ್ಟೆಲ್‌ನಿಂದ ಮಗಳ ಬ್ಯಾಗಿನಲ್ಲಿ ಬಂತು. ನೆಂಟರಿಗೆ ಹೇಳಲಾರದೆ ಒಂದು ತಿಂಗಳು ಸುಮ್ಮನಿದ್ದೆ, ಅಷ್ಟರಲ್ಲಿ ಸೋಫಾದವರೆಗೂ ಹಬ್ಬಿತ್ತು. ಕಚ್ಚಿದರೆ ಕೆಲವರಿಗೆ ದದ್ದು ಬರುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಮಗಳಿಗೆ ಏನೂ ಕಾಣದ ಕಾರಣ ನಮಗೂ ತಿಳಿಯಲಿಲ್ಲ. ತಿಗಣೆಯಿಂದ ರೋಗ ಹರಡುವುದಿಲ್ಲವೆಂದು ವೈದ್ಯರು ಧೈರ್ಯ ಹೇಳಿದರು. ಮಕ್ಕಳು ಕೆರೆದು ಗಾಯ ಮಾಡಿಕೊಳ್ಳದಂತೆ ಉಗುರು ಕತ್ತರಿಸಿ, ಕ್ಯಾಲಮೈನ್ ಲೋಷನ್ ಹಚ್ಚಿ.

ಈಗ ಅವಳು ಬಂದರೆ ಬ್ಯಾಗ್ ಒಳಗೆ ಬರುವುದಿಲ್ಲ. ಜಗಲಿಯ ಮೇಲೆಯೇ ಬಟ್ಟೆಯನ್ನು ಕುದಿನೀರಿನ ಬಕೆಟ್‌ಗೆ ಹಾಕಿ, ಬ್ಯಾಗನ್ನು ಕಪ್ಪು ಚೀಲದಲ್ಲಿ ಕಟ್ಟಿ ಬಿಸಿಲಿಗಿಡುತ್ತೇವೆ. ಹೋದ ದೀಪಾವಳಿಗೆ ಬಂದಾಗ ಜಿಪ್ಪಿನ ಮಡಿಕೆಯಲ್ಲಿ ಒಂದು ಸಿಕ್ಕಿತು, ಹೊಸ್ತಿಲಾಚೆಯೇ.