ಬಿಡಿಯಾಗಿ ಸಿಕ್ಕ ಯುಎಸ್‌ಡಿ ಫೋರ್ಕ್: ಯಾವ ಬೈಕಿನದು, ಜೊತೆಗೆ ಏನೇನು ಹುಡುಕಬೇಕು?

ಹಳೇ_ಎಫ್‌ಝಡ್:

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಯಮಹಾ ಎಫ್‌ಝಡ್ 16. ಮುಂದಿನ ಫೋರ್ಕ್ ಪೈಪ್ ಎರಡಕ್ಕೂ ಸೀಲ್ ಓಡಾಡುವ ಜಾಗದಲ್ಲೇ ತುಕ್ಕು ಹಿಡಿದಿದೆ, ಹೊಸ ಸೀಲ್ ಹಾಕಿದರೂ ಆಯಿಲ್ ನಿಲ್ಲುತ್ತಿಲ್ಲ. ಹೇಗೂ ಬದಲಾಯಿಸಬೇಕಲ್ಲ ಅಂತ ಒಂದು ಜೊತೆ ಸೆಕೆಂಡ್ ಹ್ಯಾಂಡ್ ಯುಎಸ್‌ಡಿ (ತಲೆಕೆಳಗು, ಅಂದರೆ ದಪ್ಪ ಟ್ಯೂಬ್ ಮೇಲೆ, ತೆಳು ಪೈಪ್ ಕೆಳಗೆ ಇರುವ) ಫೋರ್ಕ್ ತಂದಿದ್ದೇನೆ. ಎರಡು ಕಾಲು ಮಾತ್ರ. ಟಿ (ಎರಡು ಕಾಲನ್ನೂ ಫ್ರೇಮಿಗೆ ಸೇರಿಸಿ ಹಿಡಿಯುವ ಮೇಲಿನ, ಕೆಳಗಿನ ಕ್ಲಾಂಪ್) ಇಲ್ಲ, ಆಕ್ಸೆಲ್ ಇಲ್ಲ, ಚಕ್ರ ಇಲ್ಲ.

ಕೊಟ್ಟವರು ಕೆಟಿಎಂ 390 ಡ್ಯೂಕ್‌ದು ಅಂದರು, ವರ್ಷ ಅವರಿಗೂ ಗೊತ್ತಿಲ್ಲ. ಡಬ್ಲ್ಯುಪಿ (ಕೆಟಿಎಂಗೆ ಫೋರ್ಕ್ ಮಾಡುವ ಕಂಪನಿ) ಸ್ಟಿಕ್ಕರ್ ಇದೆ, ವರ್ನಿಯರ್ ಹಿಡಿದರೆ ಒಳಗಿನ ಪೈಪ್ 43 ಮಿಮೀ ಬರುತ್ತದೆ. ಇದು ನಿಜವಾಗಲೂ 390ದೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ನನ್ನ ಟಿ 41 ಮಿಮೀ ಪೈಪಿಗೆ ಮಾಡಿದ್ದು, ಅದನ್ನೇ ಲೇತ್‌ನಲ್ಲಿ ಬೋರ್ ಮಾಡಿಸಿ 43 ಮಾಡಿದರೆ ಆಗುತ್ತಾ?

ವರ್ನಿಯರ್_ಕೈಯಲ್ಲಿ:

ಮೊದಲು ಆ 43ರ ವಿಷಯ. ಯುಎಸ್‌ಡಿ ಫೋರ್ಕ್‌ನಲ್ಲಿ ಕಂಪನಿ ಹೇಳುವ ಅಳತೆ ಕೆಳಗಡೆ ಕಾಣುವ ತೆಳು ಪೈಪಿನದು. ಟಿ ಹಿಡಿದುಕೊಳ್ಳುವುದು ಮೇಲಿನ ದಪ್ಪ ಟ್ಯೂಬನ್ನು. ಅದು 43ಕ್ಕಿಂತ ಎಷ್ಟೋ ದಪ್ಪ ಇರುತ್ತದೆ, ಮೇಲಿನ ಟಿ ಹಿಡಿಯುವ ಕಡೆ ಒಂದು ಅಳತೆ, ಕೆಳಗಿನ ಟಿ ಹಿಡಿಯುವ ಕಡೆ ಇನ್ನೊಂದು ಅಳತೆ ಇರುವುದೂ ಮಾಮೂಲಿ. ಹಾಗಾಗಿ ನಿಮ್ಮ ಟಿ ಬೋರ್ ಮಾಡಿಸುವ ಯೋಚನೆ ಬಿಟ್ಟುಬಿಡಿ. ಅಷ್ಟು ತೆಗೆದರೆ ಹಿಡಿದುಕೊಳ್ಳಲು ಲೋಹವೇ ಉಳಿಯುವುದಿಲ್ಲ.

43 ಒಂದರಿಂದಲೇ 390 ಅಂತ ಹೇಳಲೂ ಆಗಲ್ಲ. 125 ಮತ್ತು 200 ಡ್ಯೂಕ್‌ಗೂ ಡಬ್ಲ್ಯುಪಿ 43 ಮಿಮೀ ಫೋರ್ಕ್ ಬಂದಿದೆ. ಸ್ಟಿಕ್ಕರ್ ಅಂತೂ ಯಾರು ಬೇಕಾದರೂ ಅಂಟಿಸಬಹುದು. ನಂಬಬೇಕಾದ್ದು ಎರಕದ ಭಾಗವನ್ನು, ಅಂದರೆ ಆಕ್ಸೆಲ್ ಕೂರುವ ಕೆಳಗಿನ ತುಂಡು. ಅಲ್ಲಿ ಈ ಅಳತೆಗಳನ್ನು ತೆಗೆಯಿರಿ: ಎರಡೂ ಕಾಲಿನ ಆಕ್ಸೆಲ್ ರಂಧ್ರ ಎಷ್ಟು ಅಗಲ, ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿಯುವ ಭಾಗ) ಬೋಲ್ಟ್ ಎರಡರ ನಡುವೆ ಮಧ್ಯದಿಂದ ಮಧ್ಯಕ್ಕೆ ಎಷ್ಟು ದೂರ, ಆಕ್ಸೆಲ್ ಮಧ್ಯದಿಂದ ಆ ಬೋಲ್ಟ್‌ಗಳು ಎಷ್ಟು ದೂರ, ಮೇಲಿನ ಕ್ಯಾಪ್‌ನಿಂದ ಆಕ್ಸೆಲ್ ಮಧ್ಯದವರೆಗೆ ಪೂರ್ತಿ ಉದ್ದ ಎಷ್ಟು.

ಮೂರನೆಯದು ನಿಮಗೆ ವರ್ಷವನ್ನೇ ಹೇಳುತ್ತದೆ. ಮೊದಲ 390 ಡ್ಯೂಕ್‌ಗೆ ಮುಂದೆ 300 ಮಿಮೀ ಡಿಸ್ಕ್ ಇತ್ತು, 2017ರಲ್ಲಿ 320 ಆಯಿತು. ಡಿಸ್ಕ್ ದೊಡ್ಡದಾದರೆ ಕ್ಯಾಲಿಪರ್ 10 ಮಿಮೀ ಹೊರಗೆ ಹೋಗಲೇಬೇಕು. ಎರಡೂ ವರ್ಷದ ಕಾಲು ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ. ಇದನ್ನು ನೋಡದೆ ಡಿಸ್ಕ್ ತಂದರೆ ಪ್ಯಾಡ್ ಅರ್ಧ ಗಾಳಿಯಲ್ಲಿ ಇರುತ್ತದೆ.

ಬೋಲ್ಟ್ ದೂರವೂ ಒಳ್ಳೆ ಸುಳಿವು. ರೇಡಿಯಲ್ (ಬೋಲ್ಟ್ ಪಕ್ಕದಿಂದಲ್ಲದೆ ಹಿಂದಿನಿಂದ ಹಾಕುವ) ಕ್ಯಾಲಿಪರ್‌ಗಳಲ್ಲಿ 100 ಮಿಮೀ ಇದ್ದರೆ ಸಾಮಾನ್ಯವಾಗಿ ಯುರೋಪಿನ ಬೈಕುಗಳ ಕಡೆಯದು, 108 ಇದ್ದರೆ ಜಪಾನಿನದು.

ಇನ್ನೊಂದು, ಎರಡು ಕಾಲೂ ಒಂದೇ ಜೊತೆಯದಾ ನೋಡಿ. ಎಡ ಬಲ ಒಂದೇ ಥರ ಇರುವುದಿಲ್ಲ. ಕೆಲವು ಫೋರ್ಕ್‌ಗಳಲ್ಲಿ ಒಂದು ಕಾಲಲ್ಲಿ ಸ್ಪ್ರಿಂಗ್, ಇನ್ನೊಂದರಲ್ಲಿ ಡ್ಯಾಂಪಿಂಗ್ ಮಾತ್ರ ಇರುತ್ತದೆ. ಬೇರೆ ಬೇರೆ ವರ್ಷದ ಎರಡು ಕಾಲು ಸೇರಿಸಿ ಜೊತೆ ಅಂತ ಮಾರುವವರು ಇದ್ದಾರೆ.

ಹಳೇ_ಎಫ್‌ಝಡ್:

ತುಂಬಾ ಉಪಕಾರ ಸರ್. ಬೋಲ್ಟ್ ದೂರ ಸರಿಯಾಗಿ 100 ಬಂತು. ಕ್ಯಾಲಿಪರ್ ಬೋಲ್ಟ್ ಜಾಗ 320 ಡಿಸ್ಕ್‌ನ ಲೆಕ್ಕಕ್ಕೆ ಹೊಂದುತ್ತದೆ, ಸ್ನೇಹಿತನ 2018ರ 390 ಪಕ್ಕ ಹಿಡಿದು ನೋಡಿದೆ, ಎರಕದ ಗುರುತೂ ಅದೇ. ಹಾಗಾದರೆ ಟಿ 390ದೇ ಹುಡುಕಬೇಕು, ಅಲ್ವಾ? ಅದು ನನ್ನ ಫ್ರೇಮಿಗೆ ಕೂರುತ್ತಾ?

ಲೇತ್_ಕೆಲಸ:

ಟಿ ಅದೇ ಬೈಕಿನದು ಬೇಕು, ಮೇಲಿನದು ಕೆಳಗಿನದು ಎರಡೂ. ನಿಮ್ಮ ಫ್ರೇಮಿಗೆ ಕೂರುತ್ತದಾ ಇಲ್ಲವಾ ಅನ್ನುವುದನ್ನು ಸ್ಟೆಮ್ (ಕೆಳಗಿನ ಟಿಯಿಂದ ಮೇಲೆ ಬಂದು ಫ್ರೇಮಿನ ಹೆಡ್ ಪೈಪಿನೊಳಗೆ ತಿರುಗುವ ಕಂಬಿ) ಮತ್ತು ಕೋನ್ ಸೆಟ್ (ಅದು ತಿರುಗುವ ಬೇರಿಂಗ್‌ಗಳು) ತೀರ್ಮಾನ ಮಾಡುತ್ತವೆ. ನಿಮ್ಮ ಹಳೇ ಸ್ಟೆಮ್ ಹೊರಗೆ ತೆಗೆದು ಬೇರಿಂಗ್ ಕೂರುವ ಎರಡೂ ಜಾಗ ಅಳೆಯಿರಿ. ಫ್ರೇಮಿನ ಹೆಡ್ ಪೈಪಿನಲ್ಲಿ ಕಪ್ ಕೂರುವ ಒಳ ಅಳತೆ ಮೇಲೂ ಕೆಳಗೂ ತೆಗೆಯಿರಿ. ಆಮೇಲೆ ಹೆಡ್ ಪೈಪಿನ ಉದ್ದ. ಇವಿಷ್ಟೂ ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಂಡೇ ಟಿ ನೋಡಲು ಹೋಗಿ.

ಅದೃಷ್ಟ ಇದ್ದರೆ ಹೊಸ ಸ್ಟೆಮ್‌ನ ದಪ್ಪಕ್ಕೂ ನಿಮ್ಮ ಹೆಡ್ ಪೈಪಿಗೂ ಹೊಂದುವ ಟೇಪರ್ ಬೇರಿಂಗ್ ರೆಡಿಯಾಗಿ ಸಿಗುತ್ತದೆ. ಬೇರಿಂಗ್ ನಂಬರ್ ಗೊತ್ತಿದ್ದರೆ ಹುಡುಕುವುದು ಸುಲಭ. 32005 ಅಂದರೆ ಒಳಗೆ 25, ಹೊರಗೆ 47, ದಪ್ಪ 15 ಮಿಮೀ. 32006 ಅಂದರೆ 30, 55, 17. ಇವು ಬೈಕಿನ ಪಾರ್ಟ್ ಅಂತಲೇ ಕೇಳಬೇಕಿಲ್ಲ, ಬೇರಿಂಗ್ ಮಾರುವ ಯಾವ ಕಡೆಯಾದರೂ ನಂಬರ್ ಹೇಳಿದರೆ ಸಾಕು.

ಹೊಂದದಿದ್ದರೆ ಎರಡನೇ ದಾರಿ, ನಿಮ್ಮ ಹಳೇ ಸ್ಟೆಮ್ ಅಳತೆಗೆ ಹೊಸ ಸ್ಟೆಮ್ ಮಾಡಿಸಿ 390ರ ಕೆಳಗಿನ ಟಿಗೆ ಪ್ರೆಸ್ ಮಾಡಿಸುವುದು. ಇಲ್ಲಿ ಟರ್ನರ್ ಒಳ್ಳೆಯವರಿರಬೇಕು. ಅಲ್ಯೂಮಿನಿಯಂ ಟಿಯನ್ನು ಬಿಸಿ ಮಾಡಿ ಪ್ರೆಸ್‌ನಲ್ಲಿ ನೇರವಾಗಿ ತಳ್ಳಬೇಕು, ಸುತ್ತಿಗೆಯಲ್ಲಿ ಹೊಡೆದು ತೆಗೆಯುವವರಿಗೆ ಕೊಡಬೇಡಿ. ಸಡಿಲ ಬಂತು ಅಂತ ವೆಲ್ಡ್ ಚುಕ್ಕಿ ಇಟ್ಟು ಕೊಡುತ್ತೇನೆ ಅಂದರೂ ಒಪ್ಪಬೇಡಿ. ಬ್ರೇಕ್ ಹಿಡಿದಾಗ ಬರುವ ಭಾರವೆಲ್ಲ ಆ ಜಾಗದ ಮೇಲೇ ಬೀಳುತ್ತದೆ, ಅದು ಬಿಟ್ಟುಕೊಂಡರೆ ಹ್ಯಾಂಡಲ್ ಕೈಯಲ್ಲಿ ಇದ್ದರೂ ಚಕ್ರ ನಿಮ್ಮ ಮಾತು ಕೇಳುವುದಿಲ್ಲ.

390ರ ಸ್ಟೆಮ್ಮನ್ನೇ ಇಟ್ಟುಕೊಳ್ಳುವುದಾದರೆ, ಉದ್ದ ಇದ್ದರೆ ಸ್ಪೇಸರ್ ಹಾಕಬಹುದು. ಗಿಡ್ಡ ಇದ್ದರೆ ಆ ಸ್ಟೆಮ್ ಬಳಸೋಕಾಗಲ್ಲ, ಮೇಲೆ ಹೇಳಿದ ಎರಡನೇ ದಾರಿಯೇ.

ಟ್ರೇಲ್_ನೋಡಿ:

ಕೂರುತ್ತಾ ಅನ್ನುವುದರ ಜೊತೆಗೆ ಕೂತ ಮೇಲೆ ಬೈಕ್ ಹೇಗೆ ನಡೆಯುತ್ತದೆ ಅನ್ನುವುದನ್ನೂ ಕೇಳಬೇಕು. ಟಿಯ ಆಫ್‌ಸೆಟ್ ನೋಡಿ. ಸ್ಟೆಮ್ ಮಧ್ಯದ ಗೆರೆಯಿಂದ ಎರಡು ಟ್ಯೂಬ್‌ಗಳ ಮಧ್ಯದ ಗೆರೆ ಎಷ್ಟು ಮುಂದಿದೆ ಅನ್ನುವುದೇ ಅದು. ಆಕ್ಸೆಲ್ ಟ್ಯೂಬಿನ ಗೆರೆಯಿಂದ ಮುಂದೆ ಇದ್ದರೆ ಅದನ್ನೂ ಸೇರಿಸಿ.

ಒಂದು ಲೆಕ್ಕ ಹಾಕೋಣ. ಹೆಡ್ ಕೋನ (ಸ್ಟೆಮ್ ನೇರ ನಿಲುವಿನಿಂದ ಹಿಂದಕ್ಕೆ ವಾಲಿರುವುದು) 25 ಡಿಗ್ರಿ, ಟೈರ್ 100/80-17, ಅಂದರೆ ಚಕ್ರದ ಮಧ್ಯ ನೆಲದಿಂದ ಸುಮಾರು 296 ಮಿಮೀ ಮೇಲೆ. ಆಫ್‌ಸೆಟ್ 35 ಇದ್ದರೆ ಟ್ರೇಲ್ (ಸ್ಟೆಮ್‌ನ ಗೆರೆ ನೆಲ ಮುಟ್ಟುವ ಜಾಗದಿಂದ ಟೈರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಅನ್ನುವುದು) ಸುಮಾರು 99 ಮಿಮೀ. ಅದೇ ಆಫ್‌ಸೆಟ್ 25ಕ್ಕೆ ಇಳಿದರೆ ಟ್ರೇಲ್ 110 ಆಗುತ್ತದೆ, ಹ್ಯಾಂಡಲ್ ಭಾರ ಅನ್ನಿಸುತ್ತದೆ, ತಿರುವಿನಲ್ಲಿ ತಳ್ಳಬೇಕಾಗುತ್ತದೆ. ಆಫ್‌ಸೆಟ್ ಜಾಸ್ತಿ ಆದರೆ ಉಲ್ಟಾ, ಟ್ರೇಲ್ ಕಡಿಮೆಯಾಗಿ ವೇಗದಲ್ಲಿ ಮುಂದಿನ ಚಕ್ರ ಅಲ್ಲಾಡತೊಡಗುತ್ತದೆ. ಜಾಸ್ತಿ ಟ್ರೇಲ್ ಜೊತೆ ಬದುಕಬಹುದು, ಕಡಿಮೆಯಾದರೆ ನಾನಂತೂ ಓಡಿಸಲ್ಲ.

ಉದ್ದವೂ ಹಾಗೇ. ವೀಲ್‌ಬೇಸ್ 1400 ಮಿಮೀ ಹತ್ತಿರ ಇರುವ ಬೈಕಿನಲ್ಲಿ ಮುಂದೆ 20 ಮಿಮೀ ಏರಿಳಿದರೆ ಕೋನ ಸುಮಾರು 0.8 ಡಿಗ್ರಿ ಬದಲಾಗುತ್ತದೆ. ಹೊಸ ಫೋರ್ಕ್ ಸ್ವಲ್ಪ ಉದ್ದ ಇದ್ದರೆ ಟಿಯಲ್ಲಿ ಮೇಲಕ್ಕೆ ಎಳೆದು ಸರಿ ಮಾಡಬಹುದು, ಆದರೆ ಪೂರ್ತಿ ಒತ್ತಿದಾಗ ಟೈರ್ ಅಥವಾ ಮಡ್‌ಗಾರ್ಡ್ ಕೆಳಗಿನ ಟಿಗೆ ತಾಗುತ್ತದಾ ಅಂತ ಸ್ಪ್ರಿಂಗ್ ತೆಗೆದು ಕೈಯಲ್ಲೇ ಒತ್ತಿ ನೋಡಿ. ನೋಡದೆ ರಸ್ತೆಗೆ ಇಳಿಯಲೇಬೇಡಿ.

ಗುಜರಿ_ಗೆಳೆಯ:

ಮೇಲೆ ಎಲ್ಲರೂ ಸರಿಯಾಗೇ ಹೇಳಿದ್ದಾರೆ. ಆದರೆ ಗುರೂ, ಬಿಡಿಬಿಡಿಯಾಗಿ ಹುಡುಕಬೇಡಿ. ಟಿ ಒಂದು ಕಡೆ, ಆಕ್ಸೆಲ್ ಇನ್ನೊಂದು ಕಡೆ, ಕ್ಯಾಲಿಪರ್ ಮತ್ತೊಂದು ಕಡೆ ಅಂತ ತಂದರೆ ಖರ್ಚೂ ಜಾಸ್ತಿ, ಕೊನೆಗೆ ಒಂದು ಸ್ಪೇಸರ್ ಸಿಗದೆ ಎಲ್ಲ ನಿಂತುಹೋಗುತ್ತದೆ. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ 390 ಸಿಕ್ಕರೆ ಮುಂಭಾಗ ಪೂರ್ತಿ ಕೇಳಿ: ಟಿ ಎರಡೂ, ಚಕ್ರ, ಆಕ್ಸೆಲ್, ಎಡಬಲದ ಸ್ಪೇಸರ್, ಡಿಸ್ಕ್, ಕ್ಯಾಲಿಪರ್, ಹೋಸ್, ಮಾಸ್ಟರ್ ಸಿಲಿಂಡರ್ (ಬ್ರೇಕ್ ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ). ಅದರ ಜೊತೆ ಇನ್ನೊಂದು ಜೊತೆ ಫೋರ್ಕ್ ಬಂದರೂ ಬರಲಿ, ಚೆನ್ನಾಗಿರುವ ಕಾಲು ಇಟ್ಟುಕೊಂಡು ಉಳಿದದ್ದನ್ನು ಮಾರಿ. ಮಾಸ್ಟರ್ ಸಿಲಿಂಡರ್ ಬಿಟ್ಟು ಬರಬೇಡಿ. ನಿಮ್ಮ ಹಳೇ ಸಿಲಿಂಡರ್ ಚಿಕ್ಕ ಕ್ಯಾಲಿಪರ್‌ಗೆ ಮಾಡಿದ್ದು, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್‌ಗೆ ಜೋಡಿಸಿದರೆ ಲಿವರ್ ಹ್ಯಾಂಡಲ್‌ಗೇ ಬಂದು ಕೂರಬಹುದು.

ಯಾವುದಾದರೂ ಸಣ್ಣ ಪಾರ್ಟ್ ಬಿಟ್ಟುಹೋದರೆ ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಅದರ ನಂಬರ್ ತೆಗೆದು, ಅದೇ ನಂಬರ್ ಬೇರೆ ಯಾವ ಮಾಡೆಲ್‌ಗೆ ಬಂದಿದೆ ನೋಡಿ. ಒಂದೇ ಆಕ್ಸೆಲ್ ಮೂರು ಮಾಡೆಲ್‌ನಲ್ಲಿ ಇದ್ದರೆ ಹುಡುಕುವ ಜಾಗ ಮೂರು ಪಟ್ಟು ಆಯಿತಲ್ಲ.

ಹಳೇ ಫೋರ್ಕ್ ನೋಡುವಾಗ ಪೈಪಿನ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಂಡರೆ ಸೀಲ್ ಉಳಿಯಲ್ಲ. ಪೈಪ್ ಬಿಚ್ಚಿ ದಪ್ಪ ಗಾಜಿನ ಮೇಲೆ ಉರುಳಿಸಿದರೆ ಬೆಂಡ್ ಕಾಣುತ್ತದೆ. ಯುಎಸ್‌ಡಿಯಲ್ಲಿ ಸೀಲ್ ಕೆಳಗಿರುತ್ತದೆ, ಸೋರಿದರೆ ಆಯಿಲ್ ನೇರ ಡಿಸ್ಕ್ ಮತ್ತು ಪ್ಯಾಡ್ ಕಡೆಗೇ ಇಳಿಯುತ್ತದೆ. ಹಾಗಾಗಿ ಸೀಲ್ ಚೆನ್ನಾಗಿ ಕಂಡರೂ ಬಿಚ್ಚಿದ ಮೇಲೆ ಹೊಸದೇ ಹಾಕಿ. ಹಳೇ ಸೀಲ್ ಮೇಲೆ ಅಳತೆ ಅಚ್ಚಾಗಿರುತ್ತದೆ, ಒಳ ಅಳತೆ, ಹೊರ ಅಳತೆ, ದಪ್ಪ ಅನ್ನುವ ಸಾಲಿನಲ್ಲಿ.

ಹಳೇ_ಎಫ್‌ಝಡ್:

ಸರಿ, ಮುಂಭಾಗ ಪೂರ್ತಿ ಸಿಗುವವರೆಗೂ ಕಾಯುತ್ತೇನೆ. ಅಷ್ಟರಲ್ಲಿ ಕೋನ್ ಸೆಟ್ ಬಿಚ್ಚಿ ಅಳತೆ ಎಲ್ಲ ಹಾಕುತ್ತೇನೆ. ಜೋಡಿಸುವಾಗ ಬೇರೆ ಏನಾದರೂ ಗಮನಿಸಬೇಕಾ?

ಲೇತ್_ಕೆಲಸ:

ಎರಡು ವಿಷಯ. ಕೆಳಗಿನ ಟಿಯ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್ ಇಲ್ಲದೆ ಬಿಗಿ ಮಾಡಬೇಡಿ. ಹೊರಟ್ಯೂಬ್ ತೆಳು, ಜಾಸ್ತಿ ಬಿಗಿದರೆ ಅದು ಒಳಕ್ಕೆ ಒತ್ತಿ ಫೋರ್ಕ್ ಹಿಡಿದುಕೊಂಡು ಓಡುತ್ತದೆ, ಜನ ಸುಮ್ನೆ ಸ್ಪ್ರಿಂಗ್ ಬದಲಾಯಿಸುತ್ತಾ ಕೂರುತ್ತಾರೆ. ಆಕ್ಸೆಲ್ ಬಿಗಿದ ಮೇಲೆ ಫೋರ್ಕನ್ನು ಕೆಲವು ಸಲ ಒತ್ತಿ ಬಿಟ್ಟು, ಕಾಲುಗಳು ತಮ್ಮ ಜಾಗಕ್ಕೆ ಬಂದ ನಂತರವೇ ಆಕ್ಸೆಲ್‌ನ ಪಿಂಚ್ ಬೋಲ್ಟ್ (ಕಾಲಿನ ತುದಿಯಲ್ಲಿ ಆಕ್ಸೆಲನ್ನು ಅಮುಕಿ ಹಿಡಿಯುವ ಬೋಲ್ಟ್) ಬಿಗಿಯಿರಿ.

ಇನ್ನೊಂದು ಹ್ಯಾಂಡಲ್ ತಿರುಗುವ ಮಿತಿ. 390ರ ಟಿಯ ಸ್ಟಾಪರ್ ನಿಮ್ಮ ಫ್ರೇಮಿನ ಸ್ಟಾಪರ್‌ಗೆ ತಾಗದೇ ಇರಬಹುದು. ಆಗ ದಪ್ಪ ಟ್ಯೂಬ್ ಹೋಗಿ ಟ್ಯಾಂಕಿಗೆ ಬಡಿಯುತ್ತದೆ, ಇಲ್ಲವೇ ಹೆಬ್ಬೆರಳು ಮಧ್ಯೆ ಸಿಗುತ್ತದೆ. ಸ್ಟಾಪರ್ ಮೊದಲು ಮಾಡಿಸಿ, ಬ್ರೇಕ್ ಹೋಸ್ ಮತ್ತು ವೈರಿಂಗ್ ಉದ್ದವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಅಳತೆ ಬಂದ ಮೇಲೆ ಇಲ್ಲೇ ಹಾಕಿ, ಯಾವ ಬೇರಿಂಗ್ ಅಂತ ನೋಡೋಣ.