ಅಪ್‌ಡೇಟ್: ಸಂಪಾಜೆ ಘಾಟಿಯಲ್ಲಿ ಬ್ರೇಕ್ ಮೆತ್ತಗಾದ ಕಾರು

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತಿದೆ, ಸರ್ವಿಸ್ ಮಾಡಿಸಿ ಹತ್ತು ದಿನವೂ ಆಗಿಲ್ಲ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ ಕುಶಾಲನಗರದಲ್ಲಿ ಬೇರೆ ಮೆಕ್ಯಾನಿಕ್ ಹತ್ತಿರ ಚಕ್ರ ಬಿಚ್ಚಿಸಿದೆ. ಸರ್ವಿಸ್ ಬಿಲ್ಲಿನಲ್ಲಿ ಹೊಸ ಬ್ರೇಕ್ ಪ್ಯಾಡ್ (ಉಜ್ಜಿ ಚಕ್ರವನ್ನು ನಿಲ್ಲಿಸುವ ತುಂಡು), ಒಳಗಿದ್ದದ್ದು ಸವೆದ ಹಳೇದು! ಬ್ರೇಕ್ ಆಯಿಲ್ ಕೂಡ ಕಪ್ಪಾಗಿತ್ತು. ಅದು ಗಾಳಿಯ ತೇವ ಹೀರುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಸರಿಯಾಗಿ ಹಿಡಿಯಲ್ಲ. ನಮ್ಮ ಮಳೆಗಾಲ ಗೊತ್ತಲ್ವಾ. ಅವತ್ತು ಹಿಂದಿನ ಸೀಟಿನಲ್ಲಿ ಅಮ್ಮ, ಮಗು ಇದ್ದರು. ಸೆಕೆಂಡ್ ಗೇರಿಗೆ ಇಳಿಸಿದ್ದಕ್ಕೆ ಬಚಾವಾದೆವು. ಈಗ ಆಯಿಲ್, ಪ್ಯಾಡ್ ಎರಡೂ ನನ್ನ ಎದುರಿಗೇ ಹಾಕಿಸಿದೆ, ಹಳೇ ಪ್ಯಾಡ್ ಕೇಳಿ ಇಸ್ಕೊಂಡೆ. ಮೊದಲ ಗ್ಯಾರೇಜಿನವರು ದುಡ್ಡು ವಾಪಸ್ ಕೊಟ್ಟರು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.